ಗುರುವಾರದ ಸೂಜಿಮದ್ದು

ಬೆಂಗಳೂರು ತನ್ನ ಹಳೆಯ ಎಲ್ಲೆಗಳನ್ನು ಯಾವಾಗಲೋ ಮರೆತುಬಿಟ್ಟಿದೆ. ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳು ಇಂದು ಊರ ನಡುವೆ ನಿಂತು, ಕಾಯಬೇಕಾದ ಗಡಿ ಯಾವುದೆಂದು ತಿಳಿಯದೆ ತಬ್ಬಿಬ್ಬಾದ ಮುದಿ ಕಾವಲುಗಾರರಂತೆ ಕಾಣುತ್ತವೆ. ಈಗಿನ ಎಲ್ಲೆಯನ್ನು ನೋಡಬೇಕೆಂಬ ಆಸೆಯುಳ್ಳವರು ಪೂರ್ವಕ್ಕೆ ವೈಟ್‌ಫೀಲ್ಡಿಗೋ, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿಗೋ, ವಾಯವ್ಯಕ್ಕೆ ಪೀಣ್ಯಕ್ಕೋ ಹೋಗಬೇಕು. ಹೋಗುವುದು ಈಗ ಕಷ್ಟವೂ ಅಲ್ಲ. ಮೆಟ್ರೋ ರೈಲಿನ ಹಸಿರು ಮಾರ್ಗ 2014ರಲ್ಲೇ ಪೀಣ್ಯವನ್ನು ಮುಟ್ಟಿತು. ನೇರಳೆ ಮಾರ್ಗ 2023ರಲ್ಲಿ ವೈಟ್‌ಫೀಲ್ಡನ್ನು ಸೇರಿತು. ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ ಬೊಮ್ಮಸಂದ್ರದವರೆಗೆ ಓಡತೊಡಗಿತು.

ಎತ್ತರದಲ್ಲಿ ಓಡುವ ಈ ಬಂಡಿಗಳ ಕಿಟಕಿಯಿಂದ ಕೆಳಗೆ ನೋಡಿದವರಿಗೆ ಎರಡು ಊರುಗಳು ಕಾಣುತ್ತವೆ. ಒಂದು ಗಾಜಿನ ಊರು. ಬೆಳಗಿನ ಬಿಸಿಲಿನಲ್ಲಿ ಅದು ಕಣ್ಣು ಕೋರೈಸುತ್ತದೆ. ಮತ್ತೊಂದು, ಆ ಗಾಜಿನ ಗೋಡೆಗಳ ಬುಡದಲ್ಲಿ, ಇನ್ನೂ ಮನೆ ಏಳದ ನಿವೇಶನಗಳಲ್ಲಿ, ನೆಲಕ್ಕೆ ಅಂಟಿಕೊಂಡಂತೆ ಮಲಗಿರುವ ನೀಲಿ ಊರು. ತಗಡಿನ ಗೋಡೆ, ನೀಲಿ ಪ್ಲಾಸ್ಟಿಕ್ಕಿನ ಹೊದಿಕೆ, ಬಾಗಿಲಿನ ಸ್ಥಾನದಲ್ಲಿ ಒಂದು ಹಳೆಯ ಸೀರೆ. ಅಲ್ಲಿ ವಾಸಿಸುವವರು ಅದನ್ನು ಮನೆಯೆಂದು ಕರೆಯುವುದಿಲ್ಲ, ಗುಡಿಸಲೆಂದೂ ಕರೆಯುವುದಿಲ್ಲ, ಶೆಡ್ಡು ಎನ್ನುತ್ತಾರೆ. ಗಾಜಿನ ಊರನ್ನು ಕಟ್ಟಿದವರು ಇವರೇ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ತೂಬರಹಳ್ಳಿ, ಮುನ್ನೇಕೊಳಾಲು ಮುಂತಾದೆಡೆ ಬಂಗಾಳದಿಂದಲೂ ಅಸ್ಸಾಮಿನಿಂದಲೂ ಬಂದು ಊರಿನ ಕಸವನ್ನು ಬೇರ್ಪಡಿಸಿ ಬದುಕುವವರು.

ಈ ಎರಡನೆಯ ಊರನ್ನು ನೋಡಬೇಕಾದರೆ ಗುರುವಾರ ಹೋಗುವುದು ಒಳ್ಳೆಯದು. ಕರ್ನಾಟಕದಲ್ಲಿ ಗುರುವಾರ ಲಸಿಕೆಯ ದಿನ.

ವೈಟ್‌ಫೀಲ್ಡಿನ ಹುಟ್ಟು ಬಹಳ ಸಾವಧಾನದ್ದು. 1882ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಹಾಗೂ ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಸಂಘದ ಮುಂದಾಳು ಡಿ. ಎಸ್. ವೈಟ್ ಅವರ ಹೆಸರು ಊರಿಗೆ ನಿಂತಿತು. ಹಸಿರು ಬಯಲನ್ನು ನಡುವೆ ಇಟ್ಟುಕೊಂಡು ಸುತ್ತಲೂ ಹೆಂಚಿನ ಮನೆಗಳು ಎದ್ದವು. ಇನ್ನರ್ ಸರ್ಕಲ್ ಎಂಬ ಹೆಸರಿನಲ್ಲಿ ಆ ವೃತ್ತದ ಗುರುತು ಇಂದಿಗೂ ಉಳಿದಿದೆ. ಅಲ್ಲಿಯ ವೇವರ್ಲಿ ಇನ್ ಎಂಬ ತಂಗುಮನೆಗೆ ತರುಣ ಚರ್ಚಿಲ್ ಬರುತ್ತಿದ್ದನೆಂದೂ ಒಡೆಯನ ಮಗಳಿಗೆ ಮನಸೋತಿದ್ದನೆಂದೂ ಕಥೆಯುಂಟು. ಕಥೆಗೆ ಆಧಾರವೆಷ್ಟೋ, ಊರವರಿಗೆ ಅದರ ಮೇಲಿರುವ ಪ್ರೀತಿಯಂತೂ ದೊಡ್ಡದು. ನೂರು ವರ್ಷಕ್ಕೂ ಮಿಕ್ಕಿ ತೋಟದ ನೆರಳಿನಲ್ಲಿ ತೂಕಡಿಸುತ್ತಿದ್ದ ಈ ಊರನ್ನು ಕಳೆದ ಶತಮಾನದ ಕೊನೆಯ ದಶಕದಲ್ಲಿ ಬಂದ ಮಾಹಿತಿ ತಂತ್ರಜ್ಞಾನದ ಉದ್ಯಾನ ತಟ್ಟಿ ಎಬ್ಬಿಸಿತು. ಆಮೇಲೆ ಅದು ಮಲಗಿದ್ದೇ ಇಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಈ ಕಡೆಯ ಯಾವುದಾದರೂ ಅಂಗನವಾಡಿಯ ಮುಂದೆ ನಿಂತರೆ, ಹೆಗಲಿಗೆ ಒಂದು ಪುಟ್ಟ ಪೆಟ್ಟಿಗೆಯನ್ನು ತೂಗುಹಾಕಿಕೊಂಡು ನರ್ಸಮ್ಮ ಬರುವುದನ್ನು ನೋಡಬಹುದು. ನೋಡಲು ಊಟದ ಡಬ್ಬಿಯಂತಿರುವ ಆ ಪೆಟ್ಟಿಗೆಯೊಳಗೆ ನಾಲ್ಕು ಐಸ್‌ಪ್ಯಾಕುಗಳು; ಅವುಗಳ ನಡುವೆ ಬೆರಳುದ್ದದ ಸೀಸೆಗಳು. ಲಸಿಕೆಗೆ ಬೇಕಾದ ಹಿತ 2ರಿಂದ 8 ಡಿಗ್ರಿಯವರೆಗಿನ ತಂಪು. ಬಿಸಿಯಾದರೆ ಅದು ಕೆಡುವುದೆಂದು ಎಲ್ಲರೂ ಬಲ್ಲರು; ಹೆಪ್ಪುಗಟ್ಟಿದರೂ ಕೆಲವು ಲಸಿಕೆಗಳು ಕೆಡುತ್ತವೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಸೀಸೆಯ ಮೇಲೆ ಒಂದು ಚಿಕ್ಕ ಚೌಕವಿರುತ್ತದೆ. ಸೀಸೆ ಹೆಚ್ಚು ಶಾಖ ಕಂಡಷ್ಟೂ ಚೌಕದ ಬಣ್ಣ ಕಪ್ಪಾಗುತ್ತದೆ. ಸುತ್ತಲ ವೃತ್ತದ ಬಣ್ಣಕ್ಕೆ ಸಮನಾದರೆ ಆ ಸೀಸೆಯನ್ನು ಎಸೆಯಬೇಕು. ಕಾರ್ಖಾನೆಯಿಂದ ಹೊರಟು ಈ ಓಣಿಯವರೆಗೆ ಬಂದ ಮದ್ದಿನ ಯಾತ್ರೆಯನ್ನೆಲ್ಲ ಆ ಚೌಕ ಬರೆದಿಟ್ಟುಕೊಂಡಿರುತ್ತದೆ.

ಅಂಗನವಾಡಿಯೊಳಗೆ ಮೂರು ಬಗೆಯ ಕನ್ನಡ ಕೇಳಿಸುತ್ತದೆ. ಜತೆಗೆ ತಮಿಳು, ತೆಲುಗು, ಹಿಂದಿ, ಬಂಗಾಳಿ. ಆಶಾ ಕಾರ್ಯಕರ್ತೆ ತನ್ನ ಪಟ್ಟಿಯನ್ನು ಬಿಡಿಸಿ, ಸೆರಗಿನಲ್ಲಿ ಕೂಸನ್ನು ಸುತ್ತಿಕೊಂಡು ಬಂದ ತಾಯಿಯನ್ನು ಕೇಳುತ್ತಾಳೆ:

“ಏನಮ್ಮ, ಹೋದ ತಿಂಗಳೇ ಬರಬೇಕಾಗಿತ್ತಲ್ಲ?”

“ಊರಿಗಿ ಹೋಗಿದ್ವಿರಿ ಅಕ್ಕಾರ. ಜಾತ್ರಿ ಇತ್ತು.”

“ತಾಯಿ ಕಾರ್ಡ್ ಎಲ್ಲಿ?”

“ಅವ್ವನ ಮನ್ಯಾಗೇ ಉಳದದರಿ. ಹೋದ ಸಲ ಸೂಜಿ ಹಾಕಿಸಿದ್ದಕ್ಕ ಕೂಸಿಗಿ ಜ್ವರ ಬಂದು ರಾತ್ರಿಯೆಲ್ಲ ಅತ್ತದ. ಎಲ್ಡ್ ಹಾಜರಿ ಹೋದ್ವು.”

ಎಲ್ಡ್ ಹಾಜರಿ. ಲಸಿಕೆಯ ಬಗೆಗೆ ಬರೆದ ಎಷ್ಟೋ ದೊಡ್ಡ ವರದಿಗಳಲ್ಲಿ ಅಜ್ಞಾನ, ಮೂಢನಂಬಿಕೆ ಎಂಬ ಮಾತುಗಳು ಧಾರಾಳವಾಗಿ ಬರುತ್ತವೆ. ಈ ತಾಯಿಯಲ್ಲಿ ಅವೆರಡೂ ಇಲ್ಲ. ಸೂಜಿ ಒಳ್ಳೆಯದೆಂದು ಆಕೆಗೆ ಗೊತ್ತು, ಆದ್ದರಿಂದಲೇ ಬಂದಿದ್ದಾಳೆ. ಆದರೆ ಸೂಜಿ ಹಾಕಿಸಲು ಗುರುವಾರದ ಒಂದು ಕೂಲಿ, ಅದರ ಜ್ವರವನ್ನು ನೋಡಿಕೊಳ್ಳಲು ಶುಕ್ರವಾರದ ಮತ್ತೊಂದು ಕೂಲಿ ಹೋಗುತ್ತದೆ. ಸರ್ಕಾರ ಉಚಿತವಾಗಿ ಕೊಡುವ ಮದ್ದಿಗೆ ಆಕೆ ತೆರುವ ಬೆಲೆ ಎರಡು ದಿನದ ಊಟ. ಮೇಸ್ತ್ರಿಯ ಪುಸ್ತಕದಲ್ಲಿ ಲಸಿಕೆಗೆಂದು ಬೇರೆ ಅಂಕಣವಿಲ್ಲ.

ಕಾರ್ಡಿನ ಕಥೆ ಇನ್ನೂ ಸೂಕ್ಷ್ಮವಾದುದು. ಹೆರಿಗೆಗೆ ತವರಿಗೆ ಹೋಗುವುದು ನಮ್ಮ ನಾಡಿನಲ್ಲಿ ಹೆಣ್ಣುಮಕ್ಕಳ ಹಕ್ಕು, ತವರಿನವರ ಸಂಭ್ರಮ. ಈ ಸುಂದರವಾದ ಪದ್ಧತಿಯೇ ಲಸಿಕೆಯ ಲೆಕ್ಕವನ್ನು ತಲೆಕೆಳಗು ಮಾಡುತ್ತದೆಂದು ಯಾರೂ ಊಹಿಸಿರಲಿಕ್ಕಿಲ್ಲ. ಮಗು ಹುಟ್ಟಿದ್ದು ಸುರಪುರದ ಆಸ್ಪತ್ರೆಯಲ್ಲಿ; ಹುಟ್ಟಿದ ದಿನದ ಬಿ.ಸಿ.ಜಿ., ಪೋಲಿಯೋ ಹನಿ, ಹೆಪಟೈಟಿಸ್ ಬಿ ಅಲ್ಲೇ ಆದವು. ಆರನೆಯ ವಾರದ್ದು ತವರಿನ ಉಪಕೇಂದ್ರದಲ್ಲಿ. ಹತ್ತನೆಯ ವಾರಕ್ಕೆ ಗಂಡ ಬಂದು ಬೆಂಗಳೂರಿಗೆ ಕರೆತಂದ. ಹದಿನಾಲ್ಕನೆಯ ವಾರಕ್ಕೆ ಆ ಕಟ್ಟಡದ ಕೆಲಸ ಮುಗಿದು ಶೆಡ್ಡು ಬೇರೆ ಕಡೆಗೆ ಹೋಯಿತು. ಒಂಬತ್ತು ತಿಂಗಳು ತುಂಬಿ ದಡಾರದ ಲಸಿಕೆ ಹಾಕಿಸಬೇಕಾದಾಗ ಊರಿನಲ್ಲಿ ಸುಗ್ಗಿ. ಸುರಪುರದ ಪಟ್ಟಿಯಲ್ಲಿ ‘ಊರು ಬಿಟ್ಟಿದ್ದಾರೆ’ ಎಂಬ ಷರಾ. ಬೆಂಗಳೂರಿನ ಪಟ್ಟಿಯಲ್ಲಿ ಹೆಸರೇ ಇಲ್ಲ. ಎರಡು ಪಟ್ಟಿಗಳೂ ತಮ್ಮ ತಮ್ಮ ಮಟ್ಟಿಗೆ ಸರಿ. ಮಗು ಮಾತ್ರ ಎರಡರ ನಡುವೆ ಬಿದ್ದುಹೋಯಿತು.

ಕಾರ್ಡು ಇಲ್ಲದಿದ್ದಾಗ ನರ್ಸಮ್ಮ ಮಗುವಿನ ಎಡ ತೋಳನ್ನು ನೋಡುತ್ತಾಳೆ. ಬಿ.ಸಿ.ಜಿ. ಹಾಕಿದ ಕಡೆ ಸಾಮಾನ್ಯವಾಗಿ ಒಂದು ಸಣ್ಣ ಕಲೆ ಉಳಿಯುತ್ತದೆ. ತೋಳಿನ ಕಲೆಯನ್ನು ಓದಿ ಚರಿತ್ರೆ ತಿಳಿಯುವ ಈ ವಿದ್ಯೆ ಮೈಸೂರು ಸೀಮೆಗೆ ಹೊಸದಲ್ಲ.

ಸುಮಾರು 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಐರಿಷ್ ಚಿತ್ರಕಾರ ಮೈಸೂರಿನ ಮೂವರು ಸ್ತ್ರೀಯರ ತೈಲಚಿತ್ರ ಬರೆದ. ಅವರು ನರ್ತಕಿಯರಿರಬೇಕೆಂದು ಬಹುಕಾಲ ಭಾವಿಸಲಾಗಿತ್ತು. ಚರಿತ್ರಕಾರ ನೈಜೆಲ್ ಚಾನ್ಸಲರ್ ಅವರು ಚಿತ್ರವನ್ನು ಬೇರೆ ಬಗೆಯಾಗಿ ಓದಿದರು. ಬಲಗಡೆ ನಿಂತ ಎಳೆಯ ರಾಣಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಹಿಡಿದ ದೇವಾಜಮ್ಮಣ್ಣಿ. ಆಕೆ ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವುದು ಅಲ್ಲಿ ಸಿಡುಬಿನ ಹೊಸ ಲಸಿಕೆಯನ್ನು ಹಾಕಿಸಿಕೊಂಡಿದ್ದಾಳೆಂದು ಪ್ರಜೆಗಳಿಗೆ ಸಾರುವುದಕ್ಕೆ. ಎಡಗಡೆಯವಳ ಮುಖದ ಮಾಸಲು ಬಣ್ಣ ಹಳೆಯ ಪದ್ಧತಿಯಲ್ಲಿ ಸಿಡುಬಿನ ಹಕ್ಕಳೆಯನ್ನೇ ಮೂಗಿಗೆ ಏರಿಸಿಕೊಂಡದ್ದರ ಗುರುತು. ಇದು ಅವರ ವಾದ. ಒಪ್ಪುವವರು ಒಪ್ಪಲಿ, ಬಿಡುವವರು ಬಿಡಲಿ. ಜೆನ್ನರನ ಪ್ರಯೋಗ ನಡೆದದ್ದು 1796ರಲ್ಲಿ. ಆ ಲಸಿಕೆ ಭಾರತದಲ್ಲಿ ಮೊದಲು ಫಲಿಸಿದ್ದು 1802ರ ಜೂನ್ 14ರಂದು, ಮುಂಬಯಿಯ ಮೂರು ವರ್ಷದ ಆನ್ನಾ ಡಸ್ಟ್‌ಹಾಲ್ ಎಂಬ ಮಗುವಿನ ತೋಳಿನಲ್ಲಿ. ಆಗ ಐಸೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಒಬ್ಬರ ತೋಳಿನ ಕೀವನ್ನು ಮತ್ತೊಬ್ಬರ ತೋಳಿಗೆ ದಾಟಿಸುತ್ತ ಮದ್ದನ್ನು ಊರಿಂದೂರಿಗೆ ಒಯ್ಯಬೇಕಾಗಿತ್ತು. ಜಾತಿ ಮಡಿಗಳ ನಾಡಿನಲ್ಲಿ ಅಂಥ ಮದ್ದನ್ನು ಅರಮನೆಯ ರಾಣಿಯೇ ತೋಳೊಡ್ಡಿ ಸ್ವೀಕರಿಸಿದ್ದರೆ ಅದರ ಪರಿಣಾಮ ನೂರು ಡಂಗುರಗಳಿಗೆ ಸಮ.

ಆ ಮೇಲೂ ಹಾದಿ ಸುಗಮವಾಗಿರಲಿಲ್ಲ. ಸಿಡುಬು ಬಂದರೆ ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನ ಸೊಪ್ಪು ಕಟ್ಟುತ್ತಿದ್ದ ಜನ, ಲಸಿಕೆ ಹಾಕುವವನು ಊರಿಗೆ ಬಂದನೆಂದರೆ ಮಕ್ಕಳನ್ನು ಕಣಜದ ಹಿಂದೆ ಅಡಗಿಸುತ್ತಿದ್ದರು. ಕೆಲವು ಕಡೆ ದಾಕು ಹಾಕುವುದೆಂದೂ ಕೆಲವು ಕಡೆ ದೇವಿ ಹಾಕುವುದೆಂದೂ ಲಸಿಕೆಗೆ ಹೆಸರು ಬಿತ್ತು. ರೋಗಕ್ಕೂ ಮದ್ದಿಗೂ ಒಂದೇ ದೇವಿಯ ಹೆಸರು! ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲೇ ಲಸಿಕೆ ತಯಾರಾಗುತ್ತಿತ್ತು. ಜಾತಿಯ ಕಾರಣದಿಂದ ತಿರುವಾಂಕೂರಿನಲ್ಲಿ ಕೆಲಸ ಸಿಗದೆ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾಕ್ಟರ್ ಪದ್ಮನಾಭನ್ ಪಲ್ಪು ಅವರು ಆ ಕೆಲಸದಲ್ಲಿ ತೊಡಗಿದ್ದರು. 1898ರ ಪ್ಲೇಗಿನಲ್ಲಿ ಊರು ಬಿಟ್ಟು ಓಡುವವರ ನಡುವೆ ನಿಂತು ದುಡಿದವರಲ್ಲಿ ಅವರೂ ಒಬ್ಬರು. ಇಂದು ಬೆಂಗಳೂರಿಗೆ ಹೊರಗಿನಿಂದ ಬಂದವರನ್ನು ಕಂಡು ಹುಬ್ಬು ಗಂಟಿಕ್ಕುವವರು ಈ ಒಂದು ಹೆಸರನ್ನು ನೆನಪಿಡಬಹುದು. ಕೊನೆಗೆ ಸಿಡುಬು ಭೂಮಿಯಿಂದಲೇ ಅಳಿಯಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ದಡಾರ ಮಾತ್ರ ಅಳಿದಿಲ್ಲ. ಉತ್ತರ ಕರ್ನಾಟಕದ ತಾಯಂದಿರು ಇದನ್ನು ಗೊಬ್ಬರ ಎನ್ನುತ್ತಾರೆ. ಹೆಸರು ಏನೇ ಇರಲಿ, ಸೋಂಕು ರೋಗಗಳಲ್ಲಿ ಇದರಷ್ಟು ವೇಗವಾಗಿ ಹರಡುವುದು ಅಪರೂಪ. ತಡೆಯಿಲ್ಲದ ಜನರ ನಡುವೆ ಒಂದು ಮಗುವಿನಿಂದ ಹನ್ನೆರಡರಿಂದ ಹದಿನೆಂಟು ಮಂದಿಗೆ ಅಂಟಬಲ್ಲುದು. ಅದನ್ನು ನಿಲ್ಲಿಸಬೇಕಾದರೆ ನೂರಕ್ಕೆ 95 ಮಕ್ಕಳಿಗೆ ಎರಡು ಸಲ ಲಸಿಕೆ ಬಿದ್ದಿರಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಮೂಲ ಲಸಿಕೆಗಳನ್ನೆಲ್ಲ ಪಡೆದವರು 2015-16ರಲ್ಲಿ ನೂರಕ್ಕೆ ಸುಮಾರು 63, 2019-21ರಲ್ಲಿ 84. ಏರಿಕೆ ಸಣ್ಣದಲ್ಲ, ಹೆಮ್ಮೆಪಡಬೇಕಾದದ್ದೇ. ಆದರೆ ಆ ಸಮೀಕ್ಷೆಯ ಚೌಕಟ್ಟು 2011ರ ಜನಗಣತಿಯದು. ಅದರ ಬಳಿಕ ಎದ್ದು, ಬಿದ್ದು, ಮತ್ತೆ ಬೇರೆಡೆ ಎದ್ದ ಶೆಡ್ಡುಗಳು ಅಂಥ ಚೌಕಟ್ಟಿಗೆ ಸುಲಭವಾಗಿ ಸಿಕ್ಕುವಂಥವಲ್ಲ. ಉಳಿದ ಹದಿನಾರು ಮಕ್ಕಳು ರಾಜ್ಯದ ತುಂಬ ಸಮನಾಗಿ ಹಂಚಿಹೋಗಿದ್ದರೆ ಭಯವಿರಲಿಲ್ಲ. ಅವರು ಒಂದೇ ಕಡೆ, ಒಂದೇ ತಗಡಿನ ಸಾಲಿನಲ್ಲಿ, ಒಂದೇ ನಲ್ಲಿಯ ಸುತ್ತ ಇರುವುದೇ ಅಪಾಯ. 2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿಯ ಕಡೆ ದಡಾರ ಹಬ್ಬಿ ಹತ್ತಕ್ಕೂ ಮಿಕ್ಕಿ ಮಕ್ಕಳ ಪ್ರಾಣ ಹೋಯಿತು. ಅಲ್ಲಿಯೂ ಇಂಥವೇ ಓಣಿಗಳು.

ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಹೋದರೆ ತೊಡಕಿನ ಬಣ್ಣ ಬೇರೆಯಾಗುತ್ತದೆ. ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗ ಅವರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ಹೊಲದಲ್ಲಿ ಈ ನಗರಕ್ಕೆ ಬೀಜ ಬಿತ್ತು. ಆಗ ಅದನ್ನು ಕಂಡು ನಕ್ಕವರ ಮೊಮ್ಮಕ್ಕಳು ಇಂದು ಅಲ್ಲಿಯೇ ಸಂಬಳ ಎಣಿಸುತ್ತಿರಬಹುದು. ಆದರೆ ಈ ಕಡೆಯ ಭೂಪಟವನ್ನು ಬಿಡಿಸಿ ನೋಡಿದರೆ ತಲೆ ತಿರುಗುತ್ತದೆ. ಕೈಗಾರಿಕಾ ನಗರಕ್ಕೆ 2013ರಿಂದ ತನ್ನದೇ ಪ್ರಾಧಿಕಾರ. ಪಕ್ಕದ ಹೆಬ್ಬಗೋಡಿಗೆ ನಗರಸಭೆ. ಸ್ವಲ್ಪ ಆಚೆ ಗ್ರಾಮ ಪಂಚಾಯಿತಿ. ಈಚೆ ಮಹಾನಗರದ ಸೀಮೆ. ಮಹಾನಗರವೂ 2025ರ ಸೆಪ್ಟೆಂಬರಿನಿಂದ ಐದು ಪಾಲಿಕೆಗಳಾಗಿ ಒಡೆದಿದೆ. ಇನ್ನೂ ಹತ್ತು ಮೈಲಿ ಹೋದರೆ ಅತ್ತಿಬೆಲೆ. ಅಲ್ಲಿಂದಾಚೆ ತಮಿಳುನಾಡಿನ ಹೊಸೂರು. ಇಲ್ಲಿ ದುಡಿದು ಅಲ್ಲಿ ಮಲಗುವವರೂ, ಅಲ್ಲಿ ದುಡಿದು ಇಲ್ಲಿ ಮಲಗುವವರೂ ಸಾವಿರಾರು. ರಸ್ತೆಯ ಎಡಪಕ್ಕದ ಮನೆ ಒಬ್ಬ ಆಶಾ ಕಾರ್ಯಕರ್ತೆಯದು, ಬಲಪಕ್ಕದ ಮನೆ ಮತ್ತೊಬ್ಬಳದು. ನಡುವಿನ ಖಾಲಿ ನಿವೇಶನದಲ್ಲಿ ಎದ್ದ ಶೆಡ್ಡು ಯಾರದೂ ಅಲ್ಲ. ವೈರಾಣುವಿಗೆ ಪಂಚಾಯಿತಿ ಯಾವುದು, ಪಾಲಿಕೆ ಯಾವುದು ಎಂಬ ಭೇದವಿಲ್ಲ. ಆ ಭೇದ ನಮ್ಮ ಕಡತಗಳದು.

ಸೀಸೆಯ ಲೆಕ್ಕವೂ ಒಂದಿದೆ. ದಡಾರದ ಲಸಿಕೆಯ ಒಂದು ಸೀಸೆಯಲ್ಲಿ ಹಲವು ಮಕ್ಕಳಿಗೆ ಸಾಕಾಗುವಷ್ಟು ಮದ್ದಿರುತ್ತದೆ. ನೀರು ಬೆರೆಸಿದ ಮೇಲೆ ನಾಲ್ಕೇ ಗಂಟೆ ಅದರ ಆಯುಸ್ಸು. ಬಂದದ್ದು ಒಂದೇ ಮಗುವಾದರೆ ಸೀಸೆ ಒಡೆಯಬೇಕೋ ಬೇಡವೋ? ನಿಯಮ ಒಡೆಯಬೇಕೆಂದೇ ಹೇಳುತ್ತದೆ. ಮದ್ದು ಪೋಲಾಯಿತೆಂಬ ಅಳುಕು ‘ಮುಂದಿನ ವಾರ ಬನ್ನಿ’ ಎಂದು ಹೇಳಿಸುತ್ತದೆ. ಮುಂದಿನ ವಾರ ಆ ತಾಯಿ ಜಿಗಣಿಯಲ್ಲಿರುತ್ತಾಳೆ. ಅಗ್ಗದ ಮದ್ದನ್ನು ಉಳಿಸಿ ದುಬಾರಿ ಮಗುವನ್ನು ಕಳೆದುಕೊಳ್ಳುವುದು ಯಾವ ಜಮಾಖರ್ಚಿನಲ್ಲೂ ಲಾಭವಾಗಲಾರದು.

ಪೀಣ್ಯದಲ್ಲಿ ಶೆಡ್ಡುಗಳು ಕಡಿಮೆ, ಬೀಗಗಳು ಹೆಚ್ಚು. ಎಪ್ಪತ್ತರ ದಶಕದ ಕೊನೆಯಲ್ಲಿ ರೂಪುಗೊಂಡ ಈ ಕೈಗಾರಿಕಾ ಪ್ರದೇಶದಲ್ಲಿ ಲೇತು, ಎರಕ, ಬಣ್ಣ, ಲೋಹದ ಲೇಪನ, ಹೊಲಿಗೆ ಎಲ್ಲವೂ ಉಂಟು. ಇಲ್ಲಿಯ ಗಾಳಿಗೆ ಕಬ್ಬಿಣದ ವಾಸನೆ. ದುಡಿಯುವವರು ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರ, ಚೊಕ್ಕಸಂದ್ರಗಳ ಒಂದೊಂದು ಕೋಣೆಯ ವಠಾರಗಳಲ್ಲಿ ವಾಸಿಸುತ್ತಾರೆ. ಬೆಳಿಗ್ಗೆ ಎಂಟಕ್ಕೆ ಗಾರ್ಮೆಂಟ್ಸಿಗೆ ಹೊರಡುವ ಹೆಂಗಸರ ಸಾಲು ಓಣಿಗಳಿಂದ ಹೊಳೆಯಂತೆ ಹರಿದು ಬರುತ್ತದೆ. ಹತ್ತು ನಿಮಿಷ ತಡವಾದರೆ ಗೇಟಿನಲ್ಲಿ ಬೈಗುಳ. ಒಂಬತ್ತಕ್ಕೆ ಆಶಾ ಕಾರ್ಯಕರ್ತೆ ಓಣಿಗೆ ಬಂದಾಗ ಬಾಗಿಲುಗಳಿಗೆಲ್ಲ ಬೀಗ. ಆಕೆ ಮರಳಿದ ಮೇಲೆ ಸಂಜೆ ಬೀಗ ತೆರೆಯುತ್ತದೆ. ಇಬ್ಬರೂ ಒಂದೇ ಓಣಿಯಲ್ಲಿ ವರ್ಷಗಟ್ಟಲೆ ಓಡಾಡಿ ಒಬ್ಬರ ಮುಖ ಒಬ್ಬರು ನೋಡದೆ ಇರುವುದು ಅಸಾಧ್ಯವಲ್ಲ.

ಈ ಬೀಗಗಳನ್ನು ಗೆದ್ದ ಒಂದು ಉದಾಹರಣೆ ನಮ್ಮೆದುರಿಗಿದೆ. 1995ರಲ್ಲಿ ಆರಂಭವಾದ ಪಲ್ಸ್ ಪೋಲಿಯೋ ಆಂದೋಲನದ ಸುಣ್ಣದ ಗುರುತುಗಳನ್ನು ಬೆಂಗಳೂರಿನ ಓದುಗರೆಲ್ಲ ತಮ್ಮ ಮನೆಯ ಗೋಡೆಯ ಮೇಲೆ ಕಂಡಿದ್ದಾರೆ. ಮನೆಯ ಮಕ್ಕಳೆಲ್ಲರಿಗೂ ಹನಿ ಬಿದ್ದಿದ್ದರೆ ‘ಪಿ’. ಬೀಗ ಹಾಕಿದ್ದರೆ, ಮಗು ಊರಿಗೆ ಹೋಗಿದ್ದರೆ, ಬೇಡವೆಂದಿದ್ದರೆ ‘ಎಕ್ಸ್’. ಎಕ್ಸ್ ಬಿದ್ದ ಮನೆಗೆ ಮತ್ತೆ ಹೋಗಬೇಕು. ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ. ಭಾನುವಾರ ಬೂತು, ಆಮೇಲೆ ಮನೆಮನೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಬೇರೆ ತಂಡ. ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿ 13ರದು, ಬಂಗಾಳದ ಹೌರಾದಲ್ಲಿ. 2014ರ ಮಾರ್ಚಿನಲ್ಲಿ ಭಾರತ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಬಂತು. ಪೋಲಿಯೋ ಹನಿ ಭಾನುವಾರ ಜನರ ಬಾಗಿಲಿಗೆ ಹೋಯಿತು. ಉಳಿದ ಲಸಿಕೆಗಳು ಗುರುವಾರ ಜನ ಬರಲೆಂದು ಕಾಯುತ್ತ ಕುಳಿತಿವೆ. ಸೂಜಿಯನ್ನು ಹನಿಯಷ್ಟು ಸುಲಭವಾಗಿ ಮನೆಮನೆಗೆ ಒಯ್ಯಲಾಗದು, ನಿಜ. ಆದರೆ ಭಾನುವಾರದ ಬೆಳಗನ್ನೋ, ಕೆಲಸ ಬಿಟ್ಟ ಸಂಜೆ ಆರರಿಂದ ಎಂಟರ ಹೊತ್ತನ್ನೋ ಹಿಡಿಯಲು ಅಡ್ಡಿಯೇನು? ಗಾರ್ಮೆಂಟ್ಸ್ ಕಾರ್ಖಾನೆಗಳ ಕೂಸಿನ ಮನೆಗಳಿಗೇ ತಿಂಗಳಿಗೊಮ್ಮೆ ಆ ಪೆಟ್ಟಿಗೆ ಹೋಗಬಾರದೇಕೆ?

ಪೀಣ್ಯದ ಗಂಡಸರ ಮಾತು ಬೇರೆ. ಲೇತಿನ ಮುಂದೆ ನಿಂತವನ ಅಂಗೈ ಕೊಯ್ದು ರಕ್ತ ಚಿಮ್ಮಿದಾಗ ‘ಟಿ.ಟಿ. ಹಾಕಿಸು’ ಎಂದು ಸುತ್ತಲಿನವರೆಲ್ಲ ಕೂಗುತ್ತಾರೆ. ಗಾಯವಾಗುವ ಮೊದಲು ಅದು ಯಾರಿಗೂ ನೆನಪಾಗುವುದಿಲ್ಲ. ಧನುರ್ವಾಯು ವಿಚಿತ್ರವಾದ ರೋಗ. ಒಬ್ಬರಿಂದ ಒಬ್ಬರಿಗೆ ಅಂಟುವುದಲ್ಲ, ಮಣ್ಣಿನಿಂದ ಗಾಯಕ್ಕೆ ಬರುವುದು. ಆದ್ದರಿಂದ ನೆರೆಹೊರೆಯವರೆಲ್ಲ ಲಸಿಕೆ ಹಾಕಿಸಿಕೊಂಡಿದ್ದರೂ ಹಾಕಿಸಿಕೊಳ್ಳದವನಿಗೆ ಆ ಪುಣ್ಯದ ಪಾಲು ಸಿಗದು. ಈಗ ಟಿ.ಟಿ.ಯ ಸ್ಥಾನದಲ್ಲಿ ಟಿ.ಡಿ. ಬಂದಿದೆ, ಧನುರ್ವಾಯುವಿನ ಜತೆಗೆ ಗಂಟಲಮಾರಿಗೂ ಅದು ತಡೆ. ಸರ್ಕಾರದ ಪಟ್ಟಿಯಲ್ಲಿ ಅದು ಹತ್ತನೆಯ ವರ್ಷಕ್ಕೊಮ್ಮೆ, ಹದಿನಾರನೆಯ ವರ್ಷಕ್ಕೊಮ್ಮೆ, ಬಳಿಕ ಗರ್ಭಿಣಿಯರಿಗೆ. ಹೆಣ್ಣಿಗೆ ಬಸುರಿನಲ್ಲಾದರೂ ಒಮ್ಮೆ ಸಿಗುತ್ತದೆ. ಗಂಡಸಿಗೆ ಹದಿನಾರರ ಮೇಲೆ ಗಾಯವೇ ಗತಿ.

ಹದಿನಾರರ ಸೂಜಿಯನ್ನು ಮರೆಯುವವರು ಶೆಡ್ಡಿನವರಷ್ಟೇ ಅಲ್ಲ. ವೈಟ್‌ಫೀಲ್ಡಿನ ಇಪ್ಪತ್ತು ಅಂತಸ್ತಿನ ವಸತಿಗಳಲ್ಲಿ ಕೂಸುಗಳ ಲಸಿಕೆ ಗಡಿಯಾರದಂತೆ ನಡೆಯುತ್ತದೆ. ಖಾಸಗಿ ವೈದ್ಯರು ಕೊಟ್ಟ ಬಣ್ಣದ ಪುಸ್ತಕ, ಫೋನಿನಲ್ಲಿ ನೆನಪಿನ ಗಂಟೆ. ಮಗು ಶಾಲೆಗೆ ಹೋಗತೊಡಗಿದ ಮೇಲೆ ಪುಸ್ತಕ ಬೀರುವಿನ ತಳ ಸೇರುತ್ತದೆ. ಐದನೆಯ ವರ್ಷದ, ಹತ್ತನೆಯ ವರ್ಷದ, ಹದಿನಾರನೆಯ ವರ್ಷದ ಸೂಜಿಗಳು ಪರೀಕ್ಷೆ, ಟ್ಯೂಷನ್, ಸಂಗೀತ ಪಾಠಗಳ ನಡುವೆ ಕಳೆದುಹೋಗುತ್ತವೆ. ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಲಸಿಕೆಗೆ ಒಂಬತ್ತರಿಂದ ಹದಿನಾಲ್ಕರ ಪ್ರಾಯ ಪ್ರಶಸ್ತವಾದುದು. ಪುಣೆಯಲ್ಲಿ ತಯಾರಾದ ದೇಶೀಯ ಲಸಿಕೆಯ ಘೋಷಣೆಯೂ 2022ರಲ್ಲಿ ಆಯಿತು. ಆದರೆ ಮಗಳ ಎದುರಿಗೆ ಆ ಮಾತನ್ನು ಎತ್ತಲು ಎಷ್ಟೋ ವಿದ್ಯಾವಂತ ತಂದೆತಾಯಿಗಳಿಗೆ ನಾಲಿಗೆ ಹೊರಳುವುದಿಲ್ಲ. ಇನ್ನು ಮನೆಯಲ್ಲಿರುವ ಅಜ್ಜ ಅಜ್ಜಿಯರು! ಮಂಡಿನೋವಿಗೆ ನಾಲ್ಕು ವೈದ್ಯರನ್ನು ಕಂಡ ಅಜ್ಜನಿಗೆ, ಶೀತಜ್ವರಕ್ಕೂ ನ್ಯುಮೋನಿಯಾಕ್ಕೂ ಮುದಿತನದಲ್ಲಿ ಲಸಿಕೆಯುಂಟೆಂದು ಹೇಳಿದವರು ಅಪರೂಪ.

2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಐದು ಪ್ರಾಂತ್ಯಗಳಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯ ಆಂದೋಲನ ನಡೆಯಿತು. ಗುರಿ ಸುಮಾರು 3.6 ಕೋಟಿ ಮಕ್ಕಳು. ಆಗ ಬೆಂಗಳೂರಿನಲ್ಲಿ ಹಿಂಜರಿದವರು ಯಾರು? ಸರ್ಕಾರಿ ಶಾಲೆಯ ಮಕ್ಕಳು ಸಾಲಾಗಿ ನಿಂತು ತೋಳೊಡ್ಡಿದರು. ವಾಟ್ಸಾಪಿನಲ್ಲಿ ಹರಿದಾಡಿದ ಗಾಳಿಮಾತನ್ನು ನಂಬಿ ‘ನಮ್ಮ ಮಗುವಿಗೆ ಬೇಡ’ ಎಂದು ಚೀಟಿ ಕಳಿಸಿದವರಲ್ಲಿ ಖಾಸಗಿ ಶಾಲೆಗಳ ತಂದೆತಾಯಿಗಳೂ ಕಡಿಮೆಯಿರಲಿಲ್ಲ. ಕಣಜದ ಹಿಂದೆ ಮಕ್ಕಳನ್ನು ಅಡಗಿಸಿದ ಹಳ್ಳಿಗರನ್ನು ಕಂಡು ನಗುವ ಹಕ್ಕು ಅಂದಿಗೇ ಮುಗಿಯಿತು.

2021ರ ವರ್ಷವಂತೂ ಈ ಮೂರು ಸೀಮೆಗಳ ಗುಣದೋಷಗಳನ್ನೆಲ್ಲ ಬಯಲಿಗಿಟ್ಟಿತು. ಜನವರಿ 16ರಂದು ಕೊರೋನಾ ಲಸಿಕೆ ಆರೋಗ್ಯ ಸಿಬ್ಬಂದಿಯಿಂದ ಆರಂಭವಾಗಿ, ಮೇ 1ರಿಂದ ಹದಿನೆಂಟು ದಾಟಿದವರಿಗೆಲ್ಲ ತೆರೆಯಿತು. ಆದರೆ ಹದಿನೆಂಟರಿಂದ ನಲವತ್ತನಾಲ್ಕರವರು ಕೋವಿನ್ ಎಂಬ ಜಾಲತಾಣದಲ್ಲಿ ಮೊದಲು ಹೊತ್ತು ಕಾದಿರಿಸಬೇಕಾಗಿತ್ತು. ಅಂದಿನ ಆ ಬಾಗಿಲು ಕನ್ನಡ ಬಲ್ಲದ್ದಾಗಿರಲಿಲ್ಲ; ಕನ್ನಡವೂ ಸೇರಿ ದೇಶಭಾಷೆಗಳು ಬಂದದ್ದು ಜೂನಿನಲ್ಲಿ. ಕಣ್ಣು ಮಿಟುಕಿಸುವುದರೊಳಗೆ ಹೊತ್ತುಗಳೆಲ್ಲ ತುಂಬಿಹೋಗುತ್ತಿದ್ದವು. ಫೋನಿನಲ್ಲಿ ಬೆರಳು ಚುರುಕಾದವರು ಆನೇಕಲ್ಲು, ಹೊಸಕೋಟೆ, ನೆಲಮಂಗಲದ ಹಳ್ಳಿಯ ಕೇಂದ್ರಗಳವರೆಗೂ ಕಾರಿನಲ್ಲಿ ಹೋಗಿ ಲಸಿಕೆ ಹಾಕಿಸಿಕೊಂಡು ಬಂದರು. ಆ ಹಳ್ಳಿಗಳವರು ತಮ್ಮ ಊರ ಆಸ್ಪತ್ರೆಯ ಮುಂದೆ ನಿಂತು ಆ ಕಾರುಗಳನ್ನು ನೋಡಿದರು. ಕಂಪನಿಗಳು ತಮ್ಮ ನೌಕರರಿಗೂ ಅವರ ಮನೆಯವರಿಗೂ ಅಂಗಳದಲ್ಲೇ ಏರ್ಪಾಡು ಮಾಡಿದವು, ಒಳ್ಳೆಯದೇ. ಆ ಅಂಗಳವನ್ನು ಗುಡಿಸುವವಳು, ಗೇಟು ಕಾಯುವವನು, ಗೇಟಿನಾಚೆ ಎಳನೀರು ಕೊಚ್ಚುವವನು ಆ ಪಟ್ಟಿಗೆ ಸೇರಿದ್ದು ಎಲ್ಲ ಕಡೆಯೂ ಅಲ್ಲ. ಮೇ 24ರಿಂದ ಸರ್ಕಾರಿ ಕೇಂದ್ರಗಳಲ್ಲಿ ನೇರವಾಗಿ ಹೋದವರಿಗೂ ಹೆಸರು ಬರೆಸಲು ಅವಕಾಶವಾಯಿತು. ಜೂನ್ 21ರಿಂದ ವಯಸ್ಕರೆಲ್ಲರಿಗೂ ಸರ್ಕಾರದ ಲಸಿಕೆ ಉಚಿತವಾಯಿತು. ನವೆಂಬರಿನಲ್ಲಿ ಮನೆಮನೆಗೆ ಹೋಗಿ ಕೇಳುವ ಕೆಲಸ ಆರಂಭವಾಯಿತು. ಬಾಗಿಲು ತೆರೆದಾಗ ಜನ ಬಂದರು. ಬಾರದವರಲ್ಲಿ ಬಹುಮಂದಿಗೆ ಬಾಗಿಲೇ ಕಂಡಿರಲಿಲ್ಲ.

ಈಗ ಕೋವಿನ್ನಿನ ತಂಗಿಯಂತೆ ಯು-ವಿನ್ ಎಂಬ ದಾಖಲೆಯ ಏರ್ಪಾಡು ಬಂದಿದೆ. ತಾಯಿಯ ಮೊಬೈಲ್ ಸಂಖ್ಯೆ ಹೇಳಿದರೆ ಸುರಪುರದಲ್ಲಿ ಹಾಕಿದ ಸೂಜಿಯ ವಿವರ ಕಾಡುಗೋಡಿಯಲ್ಲಿ ಕಾಣಿಸುತ್ತದೆ. ಅವ್ವನ ಮನೆಯಲ್ಲಿ ಉಳಿದ ಕಾರ್ಡಿಗೆ ಇದು ತಕ್ಕ ಮದ್ದು. ತೊಡಕಿಲ್ಲವೆಂದಲ್ಲ. ಶೆಡ್ಡಿನಲ್ಲಿ ಫೋನು ಗಂಡನ ಕಿಸೆಯಲ್ಲಿರುತ್ತದೆ, ಗಂಡ ಏಳನೆಯ ಅಂತಸ್ತಿನ ಸಾರ್ವೆಯ ಮೇಲಿರುತ್ತಾನೆ. ಸಂಖ್ಯೆಯೂ ವರ್ಷಕ್ಕೆರಡು ಸಲ ಬದಲಾಗುತ್ತದೆ. ಹಾಗಾಗಿ ಆಶಾ ಕಾರ್ಯಕರ್ತೆಯ ಕೈಬರಹದ ಪುಸ್ತಕಕ್ಕೆ ಇನ್ನೂ ಬೆಲೆಯಿದೆ. ಯಾವ ಶೆಡ್ಡಿನ ಸಾಲಿನಲ್ಲಿ ಯಾವ ಮೇಸ್ತ್ರಿ, ಅವನ ಕಡೆಯವರು ಯಾವ ಊರಿನವರು, ಆ ಊರಿನ ಜಾತ್ರೆ ಯಾವ ತಿಂಗಳು, ಇವೆಲ್ಲ ಅದರ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡರೆ ಯಾವ ಯಂತ್ರವೂ ಹೇಳದ ಸಂಗತಿಗಳು ಒದಗುತ್ತವೆ.

ಆದರೆ ಪೆನ್ಸಿಲಿನ ಬರಹವನ್ನು ಅಳಿಸುವ ಕೈಗಳೂ ಉಂಟು. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಶೆಡ್ಡುಗಳ ಸಾಲೊಂದನ್ನು, ಅಲ್ಲಿರುವವರು ಹೊರದೇಶದವರೆಂಬ ಶಂಕೆಯ ಮೇಲೆ, ಯಂತ್ರ ತಂದು ಕೆಡವಲಾಯಿತು. ಅಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ರಾಜ್ಯದ ಉಚ್ಚ ನ್ಯಾಯಾಲಯ ಆ ಕ್ರಮವನ್ನು ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಜನ ಚದುರಿಹೋಗಿದ್ದರು. ಇಂಥ ಮುಂಜಾನೆಗಳ ಬಳಿಕ ಬರುವ ಗುರುವಾರ, ಪಟ್ಟಿಯ ಹೆಸರುಗಳಿಗೆ ಉತ್ತರ ಕೊಡುವವರು ಇರುವುದಿಲ್ಲ. ಶಂಕೆಗೆ ಗುರಿಯಾದವರು ಸರ್ಕಾರದ ಪುಸ್ತಕದಲ್ಲಿ ಹೆಸರು ಬರೆಸಲು ಹೆದರುತ್ತಾರೆ. ಲಸಿಕೆ ಕೊಡುವವರೂ ಮನೆ ಕೆಡವುವವರೂ ಅವರ ಕಣ್ಣಿಗೆ ಒಂದೇ ಸರ್ಕಾರ.

ಸಂಜೆ ನಾಲ್ಕಕ್ಕೆ ಅಂಗನವಾಡಿಯ ಚಾಪೆ ಸುರುಳಿಯಾಗುತ್ತದೆ. ಸೂಜಿ ಹಾಕಿಸಿಕೊಂಡ ಮಕ್ಕಳನ್ನು ಅರ್ಧ ಗಂಟೆ ಕೂರಿಸಿ, ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಟ್ಟು, ಮುಂದಿನ ದಿನಾಂಕ ಹೇಳಿ ಕಳಿಸಿ ಆಗಿದೆ. ಬಳಸಿದ ಸೂಜಿಗಳ ತುದಿ ಕತ್ತರಿಸಿ ಬೇರೆ ಡಬ್ಬಿಗೆ ಹಾಕಿದ್ದಾರೆ. ಒಡೆಯದ ಸೀಸೆಗಳನ್ನು ಎಣಿಸಿ ಮತ್ತೆ ತಂಪಿನ ಪೆಟ್ಟಿಗೆಗೆ ಇಡುತ್ತಾರೆ. ಅವು ರಾತ್ರಿಗೆ ಮುನ್ನ ಕೇಂದ್ರದ ಶೀತಕಕ್ಕೆ ಮರಳಬೇಕು. ಪಟ್ಟಿಯಲ್ಲಿ ಬಾರದವರ ಹೆಸರಿನ ಮುಂದೆ ಅಡ್ಡಗೆರೆ. ನರ್ಸಮ್ಮ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಬಸ್ಸಿನ ಕಡೆಗೆ ನಡೆಯುತ್ತಾಳೆ. ಆಶಾ ಕಾರ್ಯಕರ್ತೆ ಮಾತ್ರ ಮನೆಗೆ ಹೊರಡದೆ, ಕೆಲಸ ಬಿಡುವ ಹೊತ್ತಿಗೆ ಶೆಡ್ಡಿನ ಸಾಲಿಗೆ ಹೋಗಿ ಆ ಅಡ್ಡಗೆರೆಯ ಹೆಸರುಗಳನ್ನು ಕೂಗಿ ಕೇಳಲು ತಿರುಗುತ್ತಾಳೆ.